ತಿರುಗುವ ಸ್ಟೂಲು, ತಿರುಗಾಡುವ ಷಡ್ಜ

ನಮ್ಮ ಪಡಸಾಲೆಯಲ್ಲಿ ಒಂದು ಸ್ಟೂಲು ಇದೆ. ದುಂಡನೆಯದು, ಕರಿಯ ಮರದ್ದು, ಮೇಲೆ ಸವೆದು ಬೆಳ್ಳಗಾದ ಚರ್ಮದ ಹೊದಿಕೆ. ನಡುವೆ ದಪ್ಪ ಸ್ಕ್ರೂ ಇರುವುದರಿಂದ ಬಲಕ್ಕೆ ತಿರುಗಿಸಿದರೆ ಮೇಲೇರುತ್ತದೆ, ಎಡಕ್ಕೆ ತಿರುಗಿಸಿದರೆ ಕೆಳಗಿಳಿಯುತ್ತದೆ. ಅಥವಾ ಇದರ ವಿರುದ್ಧವೂ ಇರಬಹುದು. ಇಷ್ಟು ವರ್ಷ ಅದರ ಮೇಲೆ ಕೂತರೂ ಈ ವಿಷಯದಲ್ಲಿ ನನಗೆ ಖಚಿತವಾದ ಜ್ಞಾನ ಉಂಟಾಗಿಲ್ಲ.

ಈ ಸ್ಟೂಲಿನ ಮೇಲೆ ಅತ್ಯಂತ ಪ್ರೀತಿ ಇರುವುದು ರವಿವಾರ ಕ್ಷೌರಕ್ಕೆ ಬರುವ ನಿಂಗಪ್ಪನಿಗೆ. ಅವನು ನನ್ನನ್ನು ಅದರ ಮೇಲೆ ಕೂಡ್ರಿಸಿ, ತಾನು ನಿಂತಲ್ಲೇ ನಿಂತು, ಸಾಲೆಯಲ್ಲಿ ಭೂಗೋಳದ ಮಾಸ್ತರರು ಗೋಳವನ್ನು ತಿರುಗಿಸುವಂತೆ ನನ್ನನ್ನು ತಿರುಗಿಸುತ್ತಾನೆ. ಕಳೆದ ರವಿವಾರ ನನ್ನ ಉತ್ತರ ಧ್ರುವದ ಕೆಲಸ ಮುಗಿಸಿ ಕೇಳಿದ:

“ಮಾಸ್ತರ್ರ, ಇಂಥಾ ಚೀಜು ಎಲ್ಲಿ ಗಂಟು ಬಿತ್ತರಿ ನಿಮಗ?”

“ಇದು ಜರ್ಮನಿಯವರೊಬ್ಬರ ಸಂಗೀತದ ಸಂಬಂಧ ಬಂದದ್ದೋ ನಿಂಗಪ್ಪಾ.”

“ಅವರೂ ಇದರ ಮ್ಯಾಲೇ ಕುಂತು ದಾಡಿ ಮಾಡಿಸಿಕೊಳ್ಳತಿದ್ರೇನ್ರಿ?”

“ಇಲ್ಲಪಾ. ಅವರು ತೀರಿಕೊಂಡು ಹೆಚ್ಚುಕಡಿಮಿ ಇನ್ನೂರು ವರ್ಷ ಆತು.”

ನಿಂಗಪ್ಪನ ಕತ್ತಿ ನನ್ನ ಗಂಟಲ ಬಳಿ ನಿಂತಿತು. ಸತ್ತವರ ಸಂಬಂಧದ ವಸ್ತುವಿನ ಮೇಲೆ ಬದುಕಿರುವವನನ್ನು ಕೂಡ್ರಿಸಿ ಕ್ಷೌರ ಮಾಡಬಹುದೋ ಇಲ್ಲವೋ ಎಂಬ ಶಾಸ್ತ್ರಾರ್ಥ ಅವನ ಮನಸ್ಸಿನಲ್ಲಿ ನಡೆದಿರಬೇಕು. ಅವನಿಗೆ ಆ ದಿನ ನಾನು ಪೂರ್ತಿ ಹೇಳಲಿಲ್ಲ. ಅರ್ಧ ಗಡ್ಡದಲ್ಲಿ ಇತಿಹಾಸ ಹೇಳುವುದು ಕ್ಷೇಮವಲ್ಲ. ನಿಮ್ಮ ಕೈಯಲ್ಲಿ ಕತ್ತಿ ಇಲ್ಲವಾದ್ದರಿಂದ ನಿಮಗೆ ಹೇಳುತ್ತೇನೆ.

ಆ ಜರ್ಮನ್ ಮಹಾಶಯರ ಹೆಸರನ್ನು ಮಾತ್ರ ಕೇಳಬೇಡಿರಿ. ತುಂಬಿದ ಸಭೆಯಲ್ಲಿ ಅದನ್ನು ನಾನು ಮೂರು ಸಲ ಉಚ್ಚರಿಸಿದೆ. ಮೂರು ಸಲವೂ ಅದು ಬೇರೆ ಬೇರೆಯಾಗಿ ಹೊರಬಿತ್ತು. ಇನ್ನು ಬರೆದು ಅವರ ಆತ್ಮಕ್ಕೆ ನಾಲ್ಕನೆಯ ಕ್ಲೇಶ ಕೊಡಲಾರೆ.

ಅವರನ್ನು ಧಾರವಾಡದ ರಸಿಕರಿಗೆ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಹೇಗೆ ಬಂತು? ನನ್ನ ಸಂಗೀತಶಿಕ್ಷಣದಿಂದಂತೂ ಅಲ್ಲ. ನಮ್ಮ ಅಜ್ಜನ ಕಾಲದ ಒಂದು ಹಾರ್ಮೋನಿಯಂ ಮನೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ, ಮಾವಿನ ಹಣ್ಣು ತಿಂದ ಕೈಯಿಂದ ನಾವು ಹುಡುಗರೆಲ್ಲ ಅದನ್ನು ಬಾರಿಸಿದೆವು. ರಸ ಒಣಗಿ, ಪಂಚಮದ ಪಟ್ಟಿ ಒತ್ತಿದ್ದು ಒತ್ತಿದಂತೆಯೇ ಅಂಟಿಕೊಂಡಿತು. ಅಲ್ಲಿಂದ ಮುಂದೆ ಗಾಳಿ ಹಾಕಿದರೆ ಸಾಕು, ಬೇಡಲಿ ಬಿಡಲಿ, ‘ಪಾ’ ಕೂಗುತ್ತಲೇ ಇರುತ್ತಿತ್ತು. ಅಕ್ಕನ ಹಸೆಯ ಹಾಡಿಗೂ ಅದೇ ಪಾ, ಅಪ್ಪನ ಭಜನೆಗೂ ಅದೇ ಪಾ. ಸಂಗೀತವೆಂದರೆ ಕೊನೆಯಿಲ್ಲದ ಒಂದು ಪಂಚಮ, ಅದರ ಸುತ್ತ ಮನುಷ್ಯರು ಪಡುವ ಅವಸ್ಥೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಈಗಲೂ ಪೂರ್ತಿ ಬೇರೆ ತಿಳಿದಿದ್ದೇನೆಂದು ಹೇಳಲಾರೆ.

ಆದರೆ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಇಂಗ್ಲಿಷ್ ಬಲ್ಲವನಿಗೆ ಸಮುದ್ರದ ಆಚೆಯ ಸಮಸ್ತವೂ ತಿಳಿದಿರುತ್ತದೆ ಎಂಬುದು ನಮ್ಮ ಸಂಗೀತ ಮಂಡಳಿಯ ಅಧ್ಯಕ್ಷರಾದ ವೀರಭದ್ರಪ್ಪ ಕಾಕಾ ಅವರ ನಂಬಿಕೆ. ಕಾಕಾ ಅವರದು ಹತ್ತಿಯ ವ್ಯಾಪಾರ. ಹಗಲು ಹುಬ್ಬಳ್ಳಿಯಲ್ಲಿ ಹತ್ತಿ, ಸಂಜೆ ಧಾರವಾಡದಲ್ಲಿ ಖ್ಯಾಲು. “ಹತ್ತೀದೂ ದನೀದೂ ಎಳಿ ನೋಡಬೇಕ್ರಿ, ತೂಕ ನೋಡಬಾರದು” ಎನ್ನುತ್ತಿದ್ದರು. ಬೈಠಕ್ಕಿನಲ್ಲಿ ಅವರ ‘ವಾಹ್’ ಬಹಳ ಪ್ರಸಿದ್ಧವಾಗಿತ್ತು. ಅದು ಹುಬ್ಬಳ್ಳಿ ಸ್ಟೇಶನ್ನಿಗೆ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದದ್ದು ಅತಿಶಯೋಕ್ತಿ; ಊರಂಚಿನ ಸಪ್ತಾಪುರದ ಆಚೆಗೆ ಅದು ಹೋಗುತ್ತಿರಲಿಲ್ಲ. ಪರಊರಿನ ಗವಾಯಿಗಳು ಮೊದಲು ತಂಬೂರಿಯ ಕಡೆ ನೋಡಿ, ಆಮೇಲೆ ಕಾಕಾ ಅವರ ಬಾಯಿಯ ಕಡೆ ನೋಡಿ ಹಾಡಲು ತೊಡಗುತ್ತಿದ್ದರು.

ಸಪ್ತಾಪುರದ ಒಂದು ಹಂಚಿನ ಬಂಗಲೆಯಲ್ಲಿ ಹೆಲೆನಾ ಬಾಯಿ ಎಂಬ ಜರ್ಮನ್ ಹೆಣ್ಣುಮಗಳು ಇದ್ದರು. ತಲೆಗೂದಲು ಬೆಳ್ಳಗಾದವರು, ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಮತ್ತು ಹಾಡು ಕಲಿಸುವವರು. ಮಂಡಳಿಯ ಬೈಠಕ್ಕಿಗೆ ತಪ್ಪದೆ ಬಂದು, ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಛತ್ರಿಯ ಹಿಡಿಕೆಯ ಮೇಲೆ ಎರಡೂ ಕೈ ಇಟ್ಟು ಕೂಡುತ್ತಿದ್ದರು. ಕೊನೆಯ ಭೈರವಿ ಮುಗಿಯದೆ ಎದ್ದದ್ದಿಲ್ಲ, ಒಂದು ಸಲವೂ ತಲೆದೂಗಿದ್ದಿಲ್ಲ. ಇವರು ಬರುವುದು ಸಂಗೀತಕ್ಕೋ, ನಮ್ಮ ಮೇಲೆ ಕಣ್ಣಿಡುವುದಕ್ಕೋ ಎಂಬ ಬಗ್ಗೆ ಊರಲ್ಲಿ ಎರಡು ಪಂಗಡಗಳಿದ್ದವು.

ಆ ಚಳಿಗಾಲ ಮುಗಿದರೆ ಅವರು ತಮ್ಮ ದೇಶಕ್ಕೆ ಹೊರಡುವವರಿದ್ದರು. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು ಇದು. ಹೋಗುವ ಮೊದಲು ಕಾಕಾ ಅವರ ಮನೆಗೆ ಬಂದು ಹೇಳಿದರಂತೆ:

“ವೀರಭದ್ರಪ್ಪನವರ, ನಿಮ್ಮವರದು ನಾ ಇಷ್ಟು ವರ್ಷ ಕೇಳೇನಿ. ನಮ್ಮವರು ಒಬ್ಬರು ಇದ್ದಾರ. ಸಣ್ಣಾಕಿ ಇದ್ದಾಗಿಂದ ಅವರದ ನುಡಿಸೇನಿ. ಅವರದನ್ನ ನೀವು ಒಂದ ಸಂಜಿ ಕೇಳ್ರಿ. ನಿಮ್ಮ ಮಂದಿ ಅವರಿಗೆ ಒಂದ ಒಂದು ವಾಹ್ ಕೊಟ್ಟರ ಸಾಕು, ನಾ ಸಮಾಧಾನದಿಂದ ಹಡಗ ಹತ್ತತೇನಿ.”

ಇದನ್ನು ಅವರು ಹೇಳಿದ್ದು ಕಾಕಾ ಅವರಿಗೆ. ನನ್ನ ಕಿವಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ. ಈ ಒಂದು ಸಂಗತಿಯನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕಾಕಾ ನನಗೆ ವಹಿಸಿದ ಪರಿಚಯ ಭಾಷಣದ ಸಿದ್ಧತೆಯನ್ನು ನಾನು ಗಂಭೀರವಾಗಿಯೇ ಕೈಗೊಂಡೆ. ಸಾಲೆಯ ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು, ಅದರ ಮೇಲಿನ ಜೇಡರ ಬಲೆಯನ್ನು ಶಾಸ್ತ್ರೋಕ್ತವಾಗಿ ವಿಸರ್ಜಿಸಿ ಓದಿದೆ. ತಿಳಿದದ್ದು ಇಷ್ಟು: ಆ ಮಹಾಶಯರ ತಂದೆ, ಚಿಕ್ಕಪ್ಪ, ಅಣ್ಣ ಎಲ್ಲರೂ ಸಂಗೀತಗಾರರು. ಇಗರ್ಜಿಯಲ್ಲಿ ವಾದ್ಯ ನುಡಿಸುತ್ತಿದ್ದರು. ಮಕ್ಕಳು ಬಹಳ. ಉಳಿದ ಪುಟಗಳಲ್ಲಿ ಸ್ವರಗಳು ಒಂದರ ಬೆನ್ನು ಒಂದು ಹತ್ತಿ ಓಡುತ್ತವೆ, ತಲೆಕೆಳಗಾಗುತ್ತವೆ, ಹಿಂದು ಮುಂದಾಗುತ್ತವೆ ಎಂದೆಲ್ಲ ಬರೆದಿತ್ತು. ಇದು ಸಂಗೀತದ ವರ್ಣನೆಯೋ, ನಮ್ಮ ಏಳನೆಯ ಇಯತ್ತೆಯ ವರ್ಣನೆಯೋ ತಿಳಿಯಲಿಲ್ಲ. ಪುಸ್ತಕದ ಕೊನೆಗೆ ಮಾತ್ರ ಒಂದು ಉಪಯುಕ್ತ ಮಾತು ಸಿಕ್ಕಿತು. ಆ ದೇಶದಲ್ಲಿ ಇಂಥ ಸಂಗೀತವನ್ನು ಉಸಿರು ಬಿಗಿಹಿಡಿದು ಕೇಳುತ್ತಾರಂತೆ; ನಡುವೆ ಕೆಮ್ಮುವುದೂ ಅಪಚಾರವಂತೆ.

ಪುಸ್ತಕದಲ್ಲಿ ಅವರ ಚಿತ್ರವೂ ಇತ್ತು. ದಪ್ಪ ಮುಖ, ಹೆಗಲ ಮೇಲೆ ಇಳಿಬಿದ್ದ ಗುಂಗುರು ಗುಂಗುರಾದ ಬಿಳಿಯ ಕಟ್ಟುಗೂದಲು. ಕಾಕಾ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಮುಖ ಸಣ್ಣದು ಮಾಡಿದರು.

“ಇವರು ಜಡ್ಜ ಸಾಹೇಬರಲ್ಲೇನ್ರಿ?”

“ಅಲ್ರಿ ಕಾಕಾ, ಸಂಗೀತದವರು.”

“ಸುಳ್ಳ ಹೇಳಬ್ಯಾಡ್ರಿ ಮಾಸ್ತರ. ಮುಂಬೈ ಹೈಕೋರ್ಟಿನ್ಯಾಗ ಹತ್ತೀ ಕೇಸ ನಡದಾಗ ಇಂಥಾ ಕೂದಲದಾವರ ಮುಂದ ಕೈಕಟಿಗೊಂಡು ನಿಂತು ಸೋತು ಬಂದೇನಿ. ಈ ಕೂದಲಾ ನಾ ಮರಿಯಾಂಗಿಲ್ಲ.”

ಆ ಕಾಲಕ್ಕೆ ದೊಡ್ಡವರೆಲ್ಲ ಇಂಥ ಕೂದಲು ತೊಡುತ್ತಿದ್ದರೆಂದು ನಾನು ತಿಳಿಸಿ ಹೇಳಿದೆ. “ಇರಲಿ. ತೀರ್ಪು ಕೊಡದಿದ್ರ ಸಾಕು” ಎಂದರು.

ಸಂಗೀತದ ದಿನ ಪಿಯಾನೋವನ್ನು ಬಾಯಿಯವರ ಬಂಗಲೆಯಿಂದ ಸಾಲೆಯ ದೊಡ್ಡ ಹಾಲಿಗೆ ತಂದದ್ದು ಕಾಕಾ ಅವರ ಚಕ್ಕಡಿಯಲ್ಲಿ, ಹತ್ತಿಯ ಅಂಡಿಗೆಗಳ ನಡುವೆ. ಅಷ್ಟು ಮೆತ್ತಗೆ ಪ್ರವಾಸ ಮಾಡಿದ ಪಿಯಾನೋ ಈ ಭೂಮಂಡಲದಲ್ಲಿ ಇನ್ನೊಂದು ಇರಲಾರದು. ವೇದಿಕೆಯ ಮೇಲೆ ಇಳಿಸಿದ ಕೂಡಲೆ ಕಾಕಾ ಅದಕ್ಕೆ ವಿಭೂತಿ ಎಳೆದು, ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿದರು. ಬಾಯಿಯವರು ಬಂದು, ತಮ್ಮ ಪಿಯಾನೋದ ಹಣೆಯ ಮೇಲಿನ ಮೂರು ಬಿಳಿಯ ಗೆರೆಗಳನ್ನು ಕಂಡು, ಒರೆಸಬೇಕೋ ಬೇಡವೋ ಎಂದು ಕ್ಷಣ ನಿಂತರು. ಆಮೇಲೆ ಒಂದು ಸೀನು ಸೀನಿ ಸುಮ್ಮನಾದರು.

ಅಷ್ಟರಲ್ಲಿ ಟಬಲಾದ ಇಮಾಮಸಾಬರು ಬಂದರು. ಟಬಲಾ ಇಲ್ಲದ ಬೈಠಕ್ಕು ನಮ್ಮಲ್ಲಿ ಎಂದೂ ನಡೆದಿರಲಿಲ್ಲ. ಆದ್ದರಿಂದ ಅವರಿಗೆ ಬಾ ಎಂದೂ, ಬೇಡ ಎಂದೂ ಯಾರೂ ಹೇಳಿರಲಿಲ್ಲ. ವೇದಿಕೆಯ ಅಂಚಿನಲ್ಲಿ ಕೂತು, ಗಂಟು ಬಿಚ್ಚಿ, ಸುತ್ತಿಗೆ ಕೈಗೆ ತೆಗೆದುಕೊಂಡು ಕೇಳಿದರು:

“ಬಾಯಾರ, ಯಾವ ಪಟ್ಟಿಗೆ ಹಚ್ಚಲಿ? ನಿಮ್ಮ ಸಾ ಎಲ್ಲೈತಿ?”

ಬಾಯಿಯವರು ಪಿಯಾನೋದ ಮೇಲೆ ಈ ಕಡೆಯಿಂದ ಆ ಕಡೆಗೆ ಕೈಯಾಡಿಸಿ ಹೇಳಿದರು: “ಇಮಾಮಸಾಬರ, ಈ ಸ್ವರದ ಪುಸ್ತಕದಾಗ ಅವರು ಎಲ್ಲಾ ಪಟ್ಟಿಯಿಂದಾನೂ ಮಾಡ್ಯಾರ. ಒಂದೊಂದಕ್ಕ ಒಂದೊಂದು ಸಾ. ಮತ್ತ ನಡುವ ನಡುವ ಅದು ಬ್ಯಾರೆ ಕಡೆ ಹೋಗತದ, ತಿರುಗಿ ಬರತದ.”

“ಹೋಗತೈತಿ? ಸಾ ಹೋಗತೈತಿ?” ಇಮಾಮಸಾಬರು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ನನ್ನ ಕಡೆ ತಿರುಗಿ, “ಮಾಸ್ತರ್ರ, ಒಬ್ಬ ಮನಶ್ಯಾಗ ಎಷ್ಟು ಸಾ ಬೇಕ್ರಿ? ನನಗ ಒಂದ ಸಿಗಾಕ ಅರ್ಧಾ ಆಯುಷ್ಯ ಹೋತು” ಎಂದರು.

ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. “ಅವರ ದೇಶ ಥಂಡಿ ಅದರಿ” ಎಂದು ಹೇಳಿದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು. ಆದರೆ ಇಮಾಮಸಾಬರಿಗೆ ಅದು ಸರಿಯೆನಿಸಿದಂತೆ ಕಂಡಿತು. ಟಬಲಾಗಳನ್ನು ಮತ್ತೆ ಗಂಟು ಕಟ್ಟಿ ತೊಡೆಯ ಮುಂದಿಟ್ಟುಕೊಂಡು ಕೂತರು.

ಜಮಖಾನೆಯ ತುಂಬ ಜನ. ಗ್ಯಾಸಬತ್ತಿ, ಎಲೆ ಅಡಿಕೆಯ ತಟ್ಟೆ. ನಾನು ಎದ್ದು ಭಾಷಣ ಆರಂಭಿಸಿದೆ. ಹೆಸರು ಹೇಳಿದೆ, ತಿದ್ದಿ ಹೇಳಿದೆ, ತಿದ್ದಿದ್ದನ್ನು ತಿದ್ದಿದೆ. ತಂದೆ, ಚಿಕ್ಕಪ್ಪ, ಅಣ್ಣಂದಿರ ಸಂಗತಿ ಬಂದಾಗ “ಅಂದ್ರ ಘರಾಣೆ ಐತಿ” ಎಂದು ಸಭೆಯಲ್ಲಿ ಸಮಾಧಾನದ ಉಸಿರು ಹೊರಟಿತು. ಮಕ್ಕಳು ಬಹಳ ಎಂದಾಗ ಗೌರವ ಇನ್ನಷ್ಟು ಹೆಚ್ಚಿತು. ಆ ಉತ್ಸಾಹದಲ್ಲಿ ನಾನು ಕೊನೆಯ ಮಾತು ಹೇಳಿದೆ:

“ರಸಿಕರೇ, ಈ ಸಂಗೀತವನ್ನು ಮೌನದಿಂದ ಕೇಳುವುದೇ ಶಿಷ್ಟಾಚಾರ. ವಾಹ್ ಎನ್ನಬಾರದು, ಹಾಂ ಎನ್ನಬಾರದು, ತೊಡೆ ತಟ್ಟಬಾರದು. ಅಡಕೊತ್ತಿನ ಸಪ್ಪಳವೂ ಆಗಬಾರದು.”

ಬಾಯಿಯವರು ಆಗ ಒಳಗಿನ ಖೋಲಿಯಲ್ಲಿ ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಈ ಮಾತು ಅವರಿಗೆ ಕೇಳಿಸಲಿಲ್ಲ. ಕಾಕಾ ಅವರು ನನ್ನ ಕಡೆ ಬೆರಗಾಗಿ ನೋಡಿದರು; ಏನೋ ಹೇಳಲು ಬಾಯಿ ತೆರೆದವರು, ಇಂಗ್ಲಿಷ್ ಬಲ್ಲವನ ಮುಂದೆ ತಮ್ಮದೇನು ನಡೆಯುತ್ತದೆ ಎಂದುಕೊಂಡು ಮುಚ್ಚಿಬಿಟ್ಟರು.

ಬಾಯಿಯವರು ಬಂದು ಈ ಸ್ಟೂಲನ್ನು ಎರಡು ಸುತ್ತು ತಿರುಗಿಸಿ ಕೂತರು. ನುಡಿಸಲು ತೊಡಗಿದರು.

ಏನು ಕೇಳಿದೆ ಎಂದು ಈಗ ಹೇಳಬೇಕು. ಅಲ್ಲಿಯೇ ನನ್ನ ತೊಂದರೆ. ಬಲಗೈ ಒಂದು ಮಾತು ಹೇಳಿತು. ಅದು ಮುಗಿಯುವ ಮೊದಲೇ ಎಡಗೈ ಅದೇ ಮಾತನ್ನು ಬೇರೆ ಕಡೆಯಿಂದ ಎತ್ತಿತು. ಇಬ್ಬರಲ್ಲಿ ಯಾರ ಮಾತು ಕೇಳಲಿ ಎಂದು ನಾನು ತಡಕಾಡುತ್ತಿದ್ದಾಗ ನಡುವಿನಿಂದ ಮೂರನೆಯ ದನಿ ಎದ್ದಿತು. ಬಾಯಿಯವರಿಗೆ ಮೂರನೆಯ ಕೈ ಇರಲಿಲ್ಲ, ನಾನು ಬಗ್ಗಿ ನೋಡಿದೆ. ಷಡ್ಜವನ್ನು ಹಿಡಿದೆ ಅನ್ನುವುದರೊಳಗೆ ಅದು ಎದ್ದು ಪಕ್ಕದ ಮನೆಗೆ ಹೋಗಿ ಕೂತಿರುತ್ತಿತ್ತು. ಅಲ್ಲಿಗೆ ಹೋದರೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ತನ್ನ ಮನೆಗೇ ಬಂದಿರುತ್ತಿತ್ತು. ನಮ್ಮ ಹಾರ್ಮೋನಿಯಂನ ಅಂಟಿದ ಪಂಚಮವನ್ನು ನನ್ನ ಜನ್ಮದಲ್ಲಿ ಮೊದಲ ಸಲ ಪ್ರೀತಿಯಿಂದ ನೆನೆದೆ.

ಹಾಗಾದರೆ ಚೆನ್ನಾಗಿರಲಿಲ್ಲವೇ? ಅದೂ ಗೊತ್ತಾಗಲಿಲ್ಲ. ಮೈಮೇಲೆ ಕೂದಲು ನಿಮಿರಿದ್ದು ನಿಜ. ಆದರೆ ಅದು ಆನಂದಕ್ಕೋ ಗಾಬರಿಗೋ ಎಂದು ನಿರ್ಧರಿಸುವ ಸಾಮರ್ಥ್ಯ ನನ್ನ ಕೂದಲಿಗೆ ಇರಲಿಲ್ಲ.

ಸಭೆಯಂತೂ ನಿಶ್ಶಬ್ದ. ಧಾರವಾಡದಲ್ಲಿ ಅಂಥ ಮೌನವನ್ನು ನಾನು ಮತ್ತೆಂದೂ ಕಂಡಿಲ್ಲ. ಬಾಯಲ್ಲಿ ಎಲೆ ಇದ್ದವರು ಜಗಿಯಲಿಲ್ಲ. ನಶ್ಯ ಏರಿಸಿದವರು ಸೀನನ್ನು ತಲೆಯಲ್ಲೇ ಜೀರ್ಣಿಸಿಕೊಂಡರು. ನನ್ನ ಭಾಷಣದ ಪ್ರಭಾವ ಕಂಡು ನಾನು ಒಳಗೊಳಗೇ ಹಿಗ್ಗಿದೆ.

ಒಂದು ಮುಗಿಯಿತು. ಬಾಯಿಯವರು ತುಸು ಹೊತ್ತು ಕಾದರು. ಮೌನ. ಎರಡನೆಯದು ಮುಗಿಯಿತು. ಈ ಸಲ ಕತ್ತು ಹೊರಳಿಸಿ ಸಭೆಯ ಕಡೆ ನೋಡಿದರು. ಮೌನ. ಮೂರನೆಯದನ್ನು ಮೊದಲಿಗಿಂತ ಮೆಲ್ಲಗೆ, ಯಾರ ಮನೆಯಲ್ಲೋ ಮಲಗಿದವರನ್ನು ಎಬ್ಬಿಸಬಾರದು ಎಂಬಂತೆ ನುಡಿಸಿದರು. ಅವರ ಬೆನ್ನು ಸಣ್ಣದಾಗುತ್ತ ಬಂದದ್ದು ನನಗೆ ಕಂಡಿತು. ಯಾಕೆಂದು ಮಾತ್ರ ಹೊಳೆಯಲಿಲ್ಲ. ಮೌನದ ಅರ್ಥ ಅವರಿಗೆ ತಮ್ಮ ದೇಶದಲ್ಲಿ ಒಂದಿತ್ತು. ಆದರೆ ಇಷ್ಟು ವರ್ಷ ನಮ್ಮ ಬಾಗಿಲಲ್ಲಿ ಕೂತು ಅವರು ಕಲಿತದ್ದು ನಮ್ಮ ಅರ್ಥವನ್ನು: ಧಾರವಾಡ ಸುಮ್ಮನೆ ಕೂತಿತೆಂದರೆ ಗವಾಯಿ ಗಂಟು ಕಟ್ಟಬೇಕು.

ಅವರು ಪಿಯಾನೋದ ಮುಚ್ಚಳ ಹಾಕಿದರು. ಸ್ಟೂಲನ್ನು ಈ ಕಡೆಗೆ ತಿರುಗಿಸಿ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಹೇಳಿದರು:

“ತಪ್ಪು ತಿಳೀಬ್ಯಾಡ್ರಿ. ನಿಮಗ ತ್ರಾಸ ಕೊಟ್ಟೆ. ಅವರು ದೊಡ್ಡವರು. ನನ್ನ ಕೈ ಸಣ್ಣದು. ಇನ್ನ ಸಾಕು ಮಾಡತೇನಿ.”

ಆಗ ಮುಂದಿನ ಸಾಲಿನಲ್ಲಿ ಒಂದು ವಿಚಿತ್ರ ಧ್ವನಿ ಹೊರಟಿತು. ಎಲ್ಲರೂ ನೋಡಿದರು. ವೀರಭದ್ರಪ್ಪ ಕಾಕಾ ಮುಖ ಕೆಂಪಗೆ ಮಾಡಿಕೊಂಡು, ಬಾಯಿಯಿಂದ ಏನನ್ನೋ ಹೊರಗೆಳೆಯುತ್ತಿದ್ದರು. ಹೆಗಲ ಮೇಲಿನ ಶಲ್ಯದ ತುದಿ. ಎಳೆದಷ್ಟೂ ಬರುತ್ತಿತ್ತು.

“ಸಾಕು?” ಎಂದು ಕೂಗಿದರು. “ಏನ್ ಸಾಕರಿ ಬಾಯಾರ? ಮೊದಲನೇದರಾಗ ಆ ಕೆಳಗಿನ ದನಿ ಎದ್ದು ಬಂತಲ್ಲ, ಆವಾಗಿಂದ ವಾಹ್ ಗಂಟಲಾಗ ನಿಂತೈತಿ! ಈ ಮಾಸ್ತರ ಅನ್ನಬ್ಯಾಡ ಅಂದ್ರು. ಬಾಯಾಗ ಅರಿವಿ ತುರಕೊಂಡು ಕುಂತೇನ್ರಿ. ಇನ್ನೊಂದ ಸ್ವಲ್ಪ ಆಗಿದ್ರ ನನ್ನ ಹೊತ್ತಗೊಂಡ ಹೋಗಬೇಕಾಗಿತ್ತು!”

ಬಾಯಿಯವರು ನನ್ನ ಕಡೆ ನೋಡಿದರು. ಸಭೆ ನನ್ನ ಕಡೆ ನೋಡಿತು. ನಾನು ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕದ ಕಡೆ ನೋಡಿದೆ.

“ಮಾಸ್ತರ, ನೀವು ಬ್ಯಾಡ ಅಂದ್ರಿ?”

“ನಿಮ್ಮ ದೇಶದ ಪದ್ಧತಿ ಅಂತ ಬರದಿತ್ತರಿ...”

“ನಮ್ಮ ದೇಶದ ಪದ್ಧತಿ ನನಗ ಗೊತ್ತದ” ಎಂದರು ಬಾಯಿಯವರು. ಆಮೇಲೆ ನಕ್ಕರು. ಆ ಬಿಳಿಗೂದಲಿನ ಹೆಣ್ಣುಮಗಳು ಹಲ್ಲು ಕಾಣುವಂತೆ ನಕ್ಕದ್ದನ್ನು ಊರು ಅಂದೇ ಮೊದಲು ನೋಡಿತು.

“ಮೊದಲಿಂದ ಹಚ್ಚರಿ ಬಾಯಾರ!” ಎಂದರು ಕಾಕಾ. “ಈಗ ನಾವೂ ಕುಂತೇವಿ, ಬಾಯೀನೂ ಬಿಚ್ಚೇವಿ.”

ಎರಡನೆಯ ಸಲ ನಡೆದದ್ದನ್ನು ಸಂಗೀತವೆನ್ನಬೇಕೋ ಸಂತೆಯೆನ್ನಬೇಕೋ, ನೀವೇ ಹೇಳಿರಿ. ಎಡಗೈ ಎದ್ದರೆ ಆ ಮೂಲೆಯಿಂದ ವಾಹ್, ಬಲಗೈ ಇಳಿದರೆ ಈ ಮೂಲೆಯಿಂದ ಹಾಂ. ತಾಳದ ಸಮ ಎಲ್ಲಿ ಬೀಳುತ್ತದೆಂದು ಯಾರಿಗೂ ತಿಳಿಯದ್ದರಿಂದ ಒಬ್ಬೊಬ್ಬರ ತಲೆ ಒಂದೊಂದು ಕಡೆ ಬಿದ್ದಿತು. ಅಷ್ಟು ಭಿನ್ನಾಭಿಪ್ರಾಯದಲ್ಲೂ ಅಷ್ಟು ಏಕಮನಸ್ಸಿನ ಸಭೆಯನ್ನು ನಾನು ನೋಡಿದ್ದಿಲ್ಲ. ಇಮಾಮಸಾಬರ ಬೆರಳು ಗಂಟಿನ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಒಮ್ಮೆ ಮುಖ ಎತ್ತಿ, “ಹೋದಳು” ಎಂದರು. ಸ್ವಲ್ಪ ಹೊತ್ತಿಗೆ, “ಬಂದಳು” ಎಂದರು. ಷಡ್ಜಕ್ಕೆ ಅವರು ಹೆಣ್ಣುಮಗಳ ಸ್ಥಾನ ಕೊಟ್ಟು, ತವರಿಗೆ ಹೋಗಿಬರಲು ಅನುಮತಿ ನೀಡಿದ್ದರು ಎಂದು ಕಾಣುತ್ತದೆ.

ಕಾಕಾ ಅವರಂತೂ ನನ್ನ ತೋಳು ಹಿಡಿದು ಪರಿಚಯ ಭಾಷಣವನ್ನು ನನಗೇ ಮಾಡಿದರು.

“ತಿಳೀತೇನ್ರಿ ಮಾಸ್ತರ? ಹತ್ತೀ ಪ್ಯಾಟಿ ಇದು. ಒಬ್ಬ ದಲಾಲ ಒಂದು ಭಾವ ಕೂಗತಾನ. ಅವ ಮುಗಸೂದರಾಗ ಇನ್ನೊಬ್ಬ ಅದನ್ನ ಕೂಗತಾನ. ಮೂರನೇದಾಂವ ಕೆಳಗಿನ ದನಿಯಾಗ ಅದನ್ನ. ಹೊಸಬ ಬಂದು ನಿಂತ್ರ ಹುಚ್ಚಾಸ್ಪತ್ರಿ ಅಂತಾನ. ಜಗಳ ಅಲ್ಲರಿ ಅದು. ಕಡೀಕ ನೋಡ್ರಿ, ಸೌದಾ ಕುದರತೈತಿ.”

ಅವರು ಹೇಳಿ ಮುಗಿಸುವುದಕ್ಕೂ ಮೂರೂ ದನಿಗಳು ಒಂದೇ ಮನೆಯೊಳಗೆ ಬಂದು ನಿಲ್ಲುವುದಕ್ಕೂ ಸರಿಯಾಯಿತು. ಕಾಕಾ ಅವರ ವಾಹ್ ಹೊರಬಿತ್ತು. ಗ್ಯಾಸಬತ್ತಿ ಒಮ್ಮೆ ಕುಗ್ಗಿ ಹೊತ್ತಿಕೊಂಡಿತು. ಬಾಯಿಯವರ ಕೈ ಪಟ್ಟಿಗಳ ಮೇಲೆ ಹಾಗೆಯೇ ನಿಂತವು. ಕಿವಿ ಮಾತ್ರ ಕೆಂಪಾಗಿತ್ತು.

ಬಾಯಿಯವರು ಸ್ವರದ ಪುಸ್ತಕ ಮುಚ್ಚಿದ ಮೇಲೂ ಯಾರೂ ಏಳಲಿಲ್ಲ. ಭೈರವಿ ಆಗದೆ ನಮ್ಮಲ್ಲಿ ಯಾರೂ ಏಳುವುದಿಲ್ಲ. ಜರ್ಮನಿಯವರಾದರೇನು, ಭೈರವಿ ಭೈರವಿಯೇ. ಬಾಯಿಯವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. “ಭೈರವಿ ಅವರಲ್ಲಿ ಇಲ್ಲರಿ” ಎಂದರು. “ಆದರ ಸತ್ತವರ ಮನೀ ಪ್ರಾರ್ಥನಾದ್ದು ಒಂದು ಅದ. ನಮ್ಮ ಅಪ್ಪ ಹೋದಾಗ ನಾ ಇಲ್ಲೇ ಇದ್ದೆ. ಅವತ್ತ ಬಾಗಲಾ ಹಾಕಿಕೊಂಡು ಇದನ್ನ ನುಡಿಸಿದೆ. ಕೇಳಬಹುದೇನು ನೋಡ್ರಿ.”

ಅದು ಬಹಳ ನಿಧಾನವಾಗಿತ್ತು. ಸ್ವರಗಳೆಲ್ಲ ಕೋಮಲ. ಭೈರವಿಯೇ ಎಂದು ಆಮೇಲೆ ಕೆಲವರು ಹಟ ಹಿಡಿದರು, ಅಲ್ಲವೆಂದು ಕೆಲವರು. ನನ್ನನ್ನು ಕೇಳಬೇಡಿರಿ. ಯಾರೂ ವಾಹ್ ಎನ್ನಲಿಲ್ಲ. ಈ ಸಲ ನಾನು ಯಾರಿಗೂ ಏನೂ ಹೇಳಿರಲಿಲ್ಲ. ಮುಗಿದ ಮೇಲೆ ಇಮಾಮಸಾಬರು ಟಬಲಾದ ಗಂಟಿಗೆ ಹಣೆ ಮುಟ್ಟಿಸಿ ಎದ್ದರು. ಉಳಿದವರು ಅವರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು.

ಟಾಂಗಾದವರೆಗೆ ಬಾಯಿಯವರನ್ನು ನಾನೂ ಕಾಕಾ ಅವರೂ ಕಳಿಸಲು ಹೋದೆವು. ಸ್ಟೂಲು ನನ್ನ ಕೈಯಲ್ಲಿತ್ತು. ಟಾಂಗಾದಲ್ಲಿ ಇಡಲು ಹೋದರೆ, “ಅದು ನಿಮಗ ಇರಲಿ ಮಾಸ್ತರ. ನಮ್ಮವರ ಪರಿಚಯ ಮಾಡಿಕೊಟ್ಟು ದಣದೀರಿ, ಕೂಡ್ರಾಕ ಬೇಕಾಗತದ” ಎಂದರು. ಇದು ಉಪಕಾರಸ್ಮರಣೆಯೋ ಚೇಷ್ಟೆಯೋ ಇಂದಿಗೂ ನಿರ್ಣಯವಾಗಿಲ್ಲ. ಆಮೇಲೆ ಹತ್ತುವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು.

“ಖರೇ ಹೇಳ್ರಿ. ಕಡೀಕ ಎಲ್ಲಾರೂ ಸುಮ್ಮ ಕುಂತರಲ್ಲ, ಅದು ನಿಮ್ಮ ಮಂದೀ ಸುಮ್ಮನೋ, ನಮ್ಮ ಮಂದೀ ಸುಮ್ಮನೋ?”

ನಾನು ಬಾಯಿ ತೆರೆದೆ. ಆ ಸಂಜೆ ನಾನು ತೆರೆದಾಗಲೆಲ್ಲ ಏನಾಗಿತ್ತೆಂಬುದು ನೆನಪಾಗಿ ಮುಚ್ಚಿದೆ. ಕಾಕಾ ಅವರು ಟಾಂಗಾದ ಕಂದೀಲಿನ ಬೆಳಕಿಗೆ ತಮ್ಮ ಶಲ್ಯದ ತುದಿಯನ್ನು ಹಿಡಿದು ತೋರಿಸಿದರು. ಒದ್ದೆಯಾಗಿತ್ತು.

“ಇದನ್ನ ಈ ಸಲ ಬಾಯಾಗ ಇಟಗೊಂಡಿದ್ದಿಲ್ಲರಿ ಬಾಯಾರ” ಎಂದರು. ಅದರಿಂದಲೇ ಕಣ್ಣೊರೆಸಿ, ಮೂಗೆಳೆದುಕೊಂಡು, “ಆ ಕೂದಲದಾವರ ಮುಂದ ನಾ ಸೋತದ್ದು ಇದು ಎರಡನೇ ಸಲ. ಅಪೀಲ ಮಾಡಂಗಿಲ್ಲ” ಎಂದರು.